ಎರೆಗೆ ತಕ್ಕ ಒಡ್ಡು, ಮಸಾರಿಗೆ ತಕ್ಕ ಒಡ್ಡು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಬೇಸಾಯ ಬಹುಮಟ್ಟಿಗೆ ಮಳೆಯನ್ನೇ ನಂಬಿದೆ. ತುಂಗಭದ್ರೆ ಪಕ್ಕದಲ್ಲೇ ಹರಿದರೂ ಅದರ ನೀರು ಇಲ್ಲಿಯ ಬಹುಪಾಲು ಹೊಲಗಳಿಗೆ ಏರುವುದಿಲ್ಲ. ವರ್ಷಕ್ಕೆ ಸರಾಸರಿ 500 ರಿಂದ 650 ಮಿ.ಮೀ. ಮಳೆ ಬೀಳುತ್ತದೆ. ಅದೂ ಹದವರಿತು ಬರುವುದಿಲ್ಲ. ಜೂನ್, ಜುಲೈ ತಿಂಗಳುಗಳಲ್ಲಿ ಆಗಾಗ ಕೈಕೊಡುತ್ತದೆ. ಹುಬ್ಬೆ, ಉತ್ತರೆ ಮಳೆಗಳ ಕಾಲಕ್ಕೆ ಒಂದೆರಡು ದಿನದಲ್ಲೇ ಸುರಿದು ಹಳ್ಳ ತುಂಬಿಸಿ ಹೋಗುತ್ತದೆ.

ಆದರೂ ಬೀಳುವ ನೀರು ಕಡಿಮೆಯೇನಲ್ಲ. ಒಂದು ಎಕರೆಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರು ನೀರಾಗುತ್ತದೆ. ವರ್ಷಕ್ಕೆ 600 ಮಿ.ಮೀ. ಬಿದ್ದರೆ ಎಕರೆಗೆ 24 ಲಕ್ಷ ಲೀಟರು, ಅಂದರೆ 5,000 ಲೀಟರಿನ 480 ಟ್ಯಾಂಕರು ನೀರು ಬಂದಂತಾಯಿತು. ಇಷ್ಟು ನೀರಿನಲ್ಲಿ ಬೆಳೆಗೆ ದಕ್ಕುವುದೆಷ್ಟು, ಹಳ್ಳದ ಪಾಲಾಗುವುದೆಷ್ಟು ಎಂಬುದರ ಮೇಲೆ ರೈತನ ವರ್ಷದ ಬಾಳು ನಿಂತಿದೆ.

ಈ ನೀರನ್ನು ಹೊಲದಲ್ಲೇ ಹಿಡಿಯುವ ಬಗೆ ಯಾವುದು ಎಂಬ ಪ್ರಶ್ನೆಯನ್ನು ಇದೇ ಸೀಮೆಯ ಒಂದು ಸಂಶೋಧನಾ ಕೇಂದ್ರ ಹಲವು ದಶಕಗಳಿಂದ ಪರೀಕ್ಷಿಸುತ್ತ ಬಂದಿದೆ. ಅಲ್ಲಿ ಗೆದ್ದ ಕ್ರಮಗಳಿಂದ ಕಲಿಯುವಷ್ಟೇ ಸೋತ ಕ್ರಮಗಳಿಂದಲೂ ಕಲಿಯುವುದಿದೆ.

ಬಳ್ಳಾರಿಯ ಕೇಂದ್ರ

ಬಳ್ಳಾರಿ ಜಿಲ್ಲೆ ಬರಕ್ಕೆ ಹೆಸರಾದದ್ದು. 1876-78ರ ಮಹಾ ಕ್ಷಾಮ ಇಲ್ಲಿ ಊರೂರುಗಳನ್ನೇ ಬರಿದು ಮಾಡಿತ್ತು. ಆದುದರಿಂದ ಒಣ ಬೇಸಾಯದ ಸಂಶೋಧನೆಯೂ ಇಲ್ಲಿ ಬೇಗನೆ ಬೇರೂರಿತು. 1930ರ ದಶಕದಲ್ಲಿ ದೇಶದ ಕೆಲವೇ ಸ್ಥಳಗಳಲ್ಲಿ ಒಣ ಬೇಸಾಯದ ಪ್ರಯೋಗಗಳು ಆರಂಭವಾದಾಗ ಸೊಲ್ಲಾಪುರ, ಬಿಜಾಪುರ, ರಾಯಚೂರುಗಳ ಜೊತೆಗೆ ಹಗರಿಯೂ ಸೇರಿತ್ತು. 1953ರ ಅಕ್ಟೋಬರಿನಲ್ಲಿ ಬಳ್ಳಾರಿ ಸೀಮೆ ಮದರಾಸು ರಾಜ್ಯದಿಂದ ಮೈಸೂರಿಗೆ ಸೇರಿತು. ಮರುವರ್ಷ, 1954ರಲ್ಲಿ, ಭಾರತ ಸರ್ಕಾರ ಬಳ್ಳಾರಿಯಲ್ಲಿ ಮಣ್ಣು ಸಂರಕ್ಷಣಾ ಸಂಶೋಧನೆ, ಪ್ರಾತ್ಯಕ್ಷಿಕೆ ಮತ್ತು ತರಬೇತಿ ಕೇಂದ್ರವನ್ನು ತೆರೆಯಿತು. ಇಂದು ಅದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಅಡಿಯಲ್ಲಿ, ಡೆಹರಾಡೂನಿನ ಭಾರತೀಯ ಮಣ್ಣು ಮತ್ತು ಜಲ ಸಂರಕ್ಷಣಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಾಗಿದೆ.

ಕೇಂದ್ರದ ಹೊಲ ಆಳವಾದ ಎರೆ ಭೂಮಿ. ವಾರ್ಷಿಕ ಮಳೆ ಸುಮಾರು 500 ಮಿ.ಮೀ. ಹಿಂಗಾರಿ ಜೋಳ ಅಲ್ಲಿಯ ಮುಖ್ಯ ಪ್ರಯೋಗದ ಬೆಳೆಗಳಲ್ಲಿ ಒಂದು. ಹೀಗಾಗಿ ಅಲ್ಲಿಯ ಫಲಿತಾಂಶಗಳು ಹಡಗಲಿ, ಹಗರಿಬೊಮ್ಮನಹಳ್ಳಿ ಭಾಗದ ಎರೆ ಹೊಲಗಳಿಗೆ ಹತ್ತಿರವಾದವು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳಲ್ಲಿ ಹೆಚ್ಚಾಗಿರುವ ಕೆಂಪು ಮಸಾರಿಗೆ ಅವನ್ನು ಹಾಗೆಯೇ ಅನ್ವಯಿಸುವಂತಿಲ್ಲ.

ಸಮಪಾತಳಿ ಒಡ್ಡು ಎರೆಯಲ್ಲಿ ಸೋತದ್ದೇಕೆ?

ಆ ಕಾಲದಲ್ಲಿ ಮಣ್ಣು ಸಂರಕ್ಷಣೆ ಎಂದರೆ ಸಮಪಾತಳಿ ಒಡ್ಡು ಎಂದೇ ತಿಳಿಯಲಾಗಿತ್ತು. ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದ ಗೆರೆಯ ಮೇಲೆ ಮಣ್ಣಿನ ಒಡ್ಡು ಹಾಕಿದರೆ ಹರಿದು ಬಂದ ನೀರು ಅದರ ಮೇಲ್ಬದಿಯಲ್ಲಿ ನಿಂತು ಇಂಗುತ್ತದೆ ಎಂಬುದು ಅದರ ತತ್ವ. ತತ್ವ ಸರಿಯಾಗಿದೆ. ಆದರೆ ನೀರು ಇಂಗುವುದು ಮಣ್ಣಿನ ಗುಣಕ್ಕೆ ಸೇರಿದ ಮಾತು.

ಎರೆ ಮಣ್ಣಿನಲ್ಲಿ ಜೇಡಿಯ ಅಂಶ ಬಹಳ. ಒಣಗಿದಾಗ ಅದು ಬಾಯಿ ಬಿಡುತ್ತದೆ. ನೆನೆದಾಗ ಉಬ್ಬಿ ಬಿರುಕೆಲ್ಲ ಮುಚ್ಚಿಕೊಳ್ಳುತ್ತದೆ. ಪೂರ್ತಿ ನೆನೆದ ಮೇಲೆ ಆಳವಾದ ಎರೆಯಲ್ಲಿ ನೀರು ಇಂಗುವುದು ಗಂಟೆಗೆ ಸುಮಾರು 1 ಮಿ.ಮೀ., ಕೆಲವೆಡೆ ಅದಕ್ಕಿಂತಲೂ ಕಡಿಮೆ. ಒಡ್ಡಿನ ಹಿಂದೆ 30 ಸೆಂ.ಮೀ. ನೀರು ನಿಂತಿತೆಂದು ಇಟ್ಟುಕೊಳ್ಳೋಣ. ಗಂಟೆಗೆ 1 ಮಿ.ಮೀ.ನಂತೆ ಅದು ಇಂಗಲು 300 ಗಂಟೆ, ಅಂದರೆ 12 ದಿನಕ್ಕೂ ಮೇಲೆ ಬೇಕು. ಅಷ್ಟು ದಿನ ಬೇರು ನೀರಿನಲ್ಲಿದ್ದರೆ ಬೆಳೆ ಹಳದಿಯಾಗಿ ಕೊಳೆಯುತ್ತದೆ. ಬಿತ್ತನೆಗೆ ಮೊದಲಾದರೆ ಹೊಲ ಹದಕ್ಕೆ ಬಾರದೆ ಬಿತ್ತನೆಯೇ ತಡವಾಗುತ್ತದೆ.

ಎರಡನೆಯ ತೊಂದರೆ ಒಡ್ಡಿನದೇ. ಎರೆ ಮಣ್ಣಿನ ಒಡ್ಡು ಬೇಸಿಗೆಯಲ್ಲಿ ಸೀಳುತ್ತದೆ. ಮುಂದಿನ ದೊಡ್ಡ ಮಳೆಯ ನೀರು ಆ ಸೀಳಿನಲ್ಲಿ ಹೊಕ್ಕು ಒಡ್ಡನ್ನು ಒಡೆಯುತ್ತದೆ. ಮೇಲಿನ ಒಡ್ಡು ಒಡೆದರೆ ಅದರ ಹಿಂದಿನ ನೀರೆಲ್ಲ ಒಮ್ಮೆಲೇ ಕೆಳಗಿನ ಒಡ್ಡಿನ ಮೇಲೆ ಬೀಳುತ್ತದೆ. ಒಂದರ ಹಿಂದೆ ಒಂದು ಒಡೆದು, ಒಡ್ಡೇ ಇಲ್ಲದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು ಕೊರಕಲು ಬೀಳುತ್ತದೆ. ಸರ್ಕಾರ ಹಾಕಿಸಿದ ಒಡ್ಡನ್ನು ರೈತರೇ ಅಲ್ಲಲ್ಲಿ ಕಡಿದುಬಿಡುತ್ತಾರೆ ಎಂಬ ದೂರು ಎರೆ ಸೀಮೆಯಲ್ಲೆಲ್ಲ ಕೇಳಿಬರುತ್ತಿತ್ತು. ಅದು ಬರೀ ಅಜ್ಞಾನದ ಕೆಲಸವಾಗಿರಲಿಲ್ಲ. ನಿಂತ ನೀರನ್ನು ಹೊರಗೆ ಬಿಡದೆ ಬೆಳೆ ಉಳಿಯುವಂತಿರಲಿಲ್ಲ.

ಬಳ್ಳಾರಿಯ ಪ್ರಯೋಗಗಳಿಂದ ಹೊರಟ ತೀರ್ಮಾನವೂ ಇದೇ: ಆಳವಾದ ಎರೆಗೆ ಸಮಪಾತಳಿ ಒಡ್ಡು ತಕ್ಕದ್ದಲ್ಲ. ಅದರ ಬದಲು ಇಳಿಜಾರು ಒಡ್ಡನ್ನು ಶಿಫಾರಸು ಮಾಡಲಾಯಿತು.

ಎರೆಗೆ: ಇಳಿಜಾರು ಒಡ್ಡು

ಇಳಿಜಾರು ಒಡ್ಡು ಹೊಲಕ್ಕೆ ಅಡ್ಡಲಾಗಿಯೇ ಇರುತ್ತದೆ. ಆದರೆ ಪೂರ್ತಿ ಸಮಮಟ್ಟದಲ್ಲಿ ಇರುವುದಿಲ್ಲ. 100 ಮೀಟರು ಉದ್ದಕ್ಕೆ 10 ರಿಂದ 30 ಸೆಂ.ಮೀ. ಇಳುಕಲು ಕೊಟ್ಟು ಅದನ್ನು ಹಾಕಬೇಕು. ಹೆಚ್ಚಿನ ನೀರು ಒಡ್ಡಿನ ಪಕ್ಕದಲ್ಲಿ ಮೆಲ್ಲಗೆ ನಡೆದು, ಹುಲ್ಲು ಬೆಳೆಸಿದ ಕಾಲುವೆಗೆ ಬಿದ್ದು ಹೊರಗೆ ಹೋಗುತ್ತದೆ. ನೀರು ನಡೆಯುವಾಗ ಇಂಗುವಷ್ಟು ಇಂಗುತ್ತದೆ, ಮಣ್ಣು ತಳದಲ್ಲಿ ಕೂರುತ್ತದೆ. ನೀರಿನ ಓಟ ಮುರಿದಿರುವುದರಿಂದ ಕೊರಕಲು ಬೀಳುವುದಿಲ್ಲ.

ಒಡ್ಡುಗಳ ನಡುವಣ ಅಂತರ ಹೊಲದ ಇಳಿಜಾರನ್ನು ಅವಲಂಬಿಸಿದೆ. ಶೇಕಡ 1 ಇಳಿಜಾರಿಗೆ ಸುಮಾರು 70 ಮೀಟರು, ಶೇಕಡ 2ಕ್ಕೆ 40 ಮೀಟರು, ಶೇಕಡ 3ಕ್ಕೆ 30 ಮೀಟರು ಅಂತರ ಸಾಕಾಗುತ್ತದೆ. ಮಟ್ಟ ಹಿಡಿಯಲು ದುಬಾರಿ ಉಪಕರಣ ಬೇಕಿಲ್ಲ. ಗಾರೆ ಕೆಲಸದವರು ಬಳಸುವ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಎರಡು ಅಳತೆ ಕೋಲುಗಳಿಗೆ ಕಟ್ಟಿಕೊಂಡರೆ ಇಬ್ಬರು ಸೇರಿ ಒಂದು ದಿನದಲ್ಲಿ ಹೊಲದ ಮಟ್ಟದ ಗೆರೆಗಳನ್ನು ಗುರುತಿಸಬಹುದು. ಕಣ್ಣಂದಾಜಿನಲ್ಲಿ ಹಾಕಿದ ಒಡ್ಡು ಮೊದಲ ದೊಡ್ಡ ಮಳೆಗೆ ತನ್ನ ತಪ್ಪನ್ನು ತಾನೇ ತೋರಿಸುತ್ತದೆ.

ಮುಖ್ಯ ಕಾಲುವೆಯನ್ನು ಒಡ್ಡಿಗಿಂತ ಮೊದಲೇ ತೆಗೆದು ಹುಲ್ಲು ಹಿಡಿಸಬೇಕು. ಹುಲ್ಲಿಲ್ಲದ ಕಾಲುವೆಗೆ ನೀರು ಬಿಟ್ಟರೆ ಅದೇ ಒಂದು ಹಳ್ಳವಾಗುತ್ತದೆ.

ಇಲ್ಲಿ ತಾಂತ್ರಿಕ ಕಷ್ಟಕ್ಕಿಂತ ದೊಡ್ಡ ಕಷ್ಟ ನೆರೆಹೊರೆಯದು. ಒಬ್ಬನ ಒಡ್ಡಿನ ಕೋಡಿ ಇನ್ನೊಬ್ಬನ ಹೊಲದೊಳಕ್ಕೆ ಬೀಳುವುದಾದರೆ ಕೆಳಗಿನವನು ಅದನ್ನು ಮುಚ್ಚುತ್ತಾನೆ, ಮೇಲಿನವನ ಒಡ್ಡು ಒಡೆಯುತ್ತದೆ, ಜಗಳ ಉಳಿಯುತ್ತದೆ. ಆದುದರಿಂದ ಒಂದು ಇಳಿಜಾರಿನ ಎಲ್ಲ ಹಿಡುವಳಿದಾರರೂ ಮೊದಲು ಒಟ್ಟಿಗೆ ಕುಳಿತು, ನೀರಿನ ದಾರಿ ಯಾವ ಬದುವಿನ ಮೇಲೆ ಹೋಗಬೇಕೆಂದು ಗೊತ್ತುಮಾಡಿಕೊಳ್ಳಬೇಕು. ಬಳ್ಳಾರಿ ಕೇಂದ್ರವು 1980ರ ದಶಕದಲ್ಲಿ ತನ್ನ ಹೊಲ ಬಿಟ್ಟು ಹಳ್ಳಿಗಳಿಗೆ ಹೋಗಿ ಕೆಲಸ ಮಾಡಿದಾಗ ಒಬ್ಬೊಬ್ಬರ ಹೊಲಕ್ಕೆ ಬದಲು ಇಡೀ ಜಲಾನಯನವನ್ನು ಆರಿಸಿಕೊಂಡದ್ದು ಇದೇ ಕಾರಣಕ್ಕೆ. ಬಳ್ಳಾರಿ ಬಳಿಯ ಜೋಳದರಾಶಿ, ಕರ್ನೂಲು ಜಿಲ್ಲೆಯ ಚಿನ್ನಟೇಕೂರು, ಚಿತ್ರದುರ್ಗ ಬಳಿಯ ಜಿ.ಆರ್. ಹಳ್ಳಿ ಇವು ಅಂಥ ಜಲಾನಯನಗಳು. ಇವುಗಳಲ್ಲಿ ಜಿ.ಆರ್. ಹಳ್ಳಿ ಕೆಂಪು ಮಣ್ಣಿನದು.

ಒಡ್ಡಿನ ನಡುವೆ ಮಾಡಬೇಕಾದ ಕೆಲಸ

ಒಡ್ಡು ಹಾಕಿದ ಮಾತ್ರಕ್ಕೆ ನೀರಿನ ಕೆಲಸ ಮುಗಿಯಿತೆಂದು ತಿಳಿಯುವುದು ತಪ್ಪು. ಒಡ್ಡು ಇಳಿಜಾರನ್ನು ತುಂಡರಿಸುತ್ತದೆ ಅಷ್ಟೆ. ಎರಡು ಒಡ್ಡುಗಳ ನಡುವಣ 40-70 ಮೀಟರು ಹೊಲದಲ್ಲಿ ಬಿದ್ದ ನೀರನ್ನು ಬಿದ್ದಲ್ಲೇ ಹಿಡಿಯಬೇಕು.

ಹಿಂಗಾರಿ ಬೆಳೆಯುವ ಎರೆ ಹೊಲ ಮುಂಗಾರಿನಲ್ಲಿ ಬರಿದಾಗಿರುತ್ತದೆ. ಮಳೆ ಬೀಳುವ ಕಾಲದಲ್ಲೇ ಮಣ್ಣಿನ ಮೇಲೆ ಹೊದಿಕೆ ಇರುವುದಿಲ್ಲ. ಇಂಥ ಹೊಲಕ್ಕೆ ಚೌಕು ಮಡಿ ಬಹಳ ಉಪಯುಕ್ತ. ಜೂನ್-ಜುಲೈ ತಿಂಗಳಲ್ಲಿ ಹರಗಿದ ಹೊಲದಲ್ಲಿ ಉದ್ದಕ್ಕೂ ಅಡ್ಡಕ್ಕೂ ಸುಮಾರು 15 ಸೆಂ.ಮೀ. ಎತ್ತರದ ಚಿಕ್ಕ ಬದುಗಳನ್ನು ಎತ್ತಿ ಚೌಕಗಳನ್ನು ಮಾಡಬೇಕು. ಶೇಕಡ 1ಕ್ಕಿಂತ ಕಡಿಮೆ ಇಳಿಜಾರಿದ್ದರೆ 6 x 6 ಮೀಟರು, ಶೇಕಡ 1-2 ಇದ್ದರೆ 4.5 x 4.5 ಮೀಟರು, ಶೇಕಡ 2-3 ಇದ್ದರೆ 3 x 3 ಮೀಟರು ಅಳತೆಯ ಚೌಕಗಳು ಸರಿಹೋಗುತ್ತವೆ. ಪ್ರತಿ ಚೌಕವೂ ತನ್ನ ಮಳೆಯನ್ನು ತಾನೇ ಹಿಡಿಯುತ್ತದೆ. ಬಿತ್ತನೆ ಕಾಲಕ್ಕೆ ಕುಂಟೆ ಹೊಡೆದರೆ ಬದುಗಳು ಮಣ್ಣಿನಲ್ಲಿ ಬೆರೆತು ಹೊಲ ಬಿತ್ತನೆಗೆ ಸಿದ್ಧವಾಗುತ್ತದೆ. ಸಮಪಾತಳಿ ಒಡ್ಡಿನ ಹಿಂದೆ ನಿಲ್ಲುವ ನೀರಿಗೂ ಚೌಕು ಮಡಿಯ ನೀರಿಗೂ ವ್ಯತ್ಯಾಸವಿದೆ. ಮೊದಲನೆಯದು ಇಡೀ ಹೊಲದ ನೀರು ಒಂದೇ ಕಡೆ ಅಡಿ ಆಳ ನಿಂತದ್ದು. ಎರಡನೆಯದು ಹೊಲದ ತುಂಬ ತೆಳ್ಳಗೆ ಹರಡಿದ್ದು.

ಬಳ್ಳಾರಿಯಲ್ಲಿ 1970ರ ದಶಕದಲ್ಲಿ ಪರೀಕ್ಷಿಸಿದ ಇನ್ನೊಂದು ಕ್ರಮ ನಿಲುವು ಹೊದಿಕೆ. ಇಳಿಜಾರಿಗೆ ಅಡ್ಡಲಾಗಿ 4-5 ಮೀಟರಿಗೊಂದರಂತೆ, ಸುಮಾರು 15 ಸೆಂ.ಮೀ. ಅಗಲ ಮತ್ತು 30-40 ಸೆಂ.ಮೀ. ಆಳದ ಕಿರುಗಾಲುವೆ ತೆಗೆದು, ಅದರಲ್ಲಿ ಜೋಳದ ದಂಟು, ಕೂಳೆಗಳನ್ನು ನೆಟ್ಟಗೆ ನಿಲ್ಲಿಸಿ ತುಂಬಬೇಕು. ದಂಟಿನ ತುದಿ ನೆಲದ ಮೇಲೆ ಸುಮಾರು 10 ಸೆಂ.ಮೀ. ಕಾಣುತ್ತಿರಬೇಕು. ಎರೆಯ ಮೇಲ್ಮೈ ಮುಚ್ಚಿಕೊಂಡರೂ ಈ ದಂಟಿನ ಸಂದಿಗಳ ಮೂಲಕ ನೀರು ಆಳಕ್ಕೆ ಇಳಿಯುತ್ತದೆ. ಮಳೆ ಕಡಿಮೆಯಾದ ವರ್ಷಗಳಲ್ಲಿ ಹಿಂಗಾರಿ ಜೋಳಕ್ಕೆ ಇದರ ಪ್ರಯೋಜನ ಎದ್ದು ಕಂಡಿದೆ. ಇದಕ್ಕೆ ಕೂಲಿ ಹೆಚ್ಚು ಬೀಳುತ್ತದೆ, ದಂಟು ದನಗಳ ಮೇವೂ ಹೌದು. ಆದುದರಿಂದ ದನ ತಿನ್ನದ ಕೂಳೆ, ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆಗಳನ್ನು ಬಳಸಿ, ಮೊದಲು ಅರ್ಧ ಎಕರೆಯಲ್ಲಿ ಮಾಡಿ ನೋಡುವುದು ಜಾಣತನ.

ಮಸಾರಿಗೆ: ತಡೆದು ನಿಲ್ಲಿಸುವ ಕ್ರಮ

ಮಸಾರಿಯ ಗುಣ ಬೇರೆ. ಉಳುಮೆ ಮಾಡಿದ ಮಸಾರಿ ನೀರನ್ನು ಬೇಗ ಕುಡಿಯುತ್ತದೆ. ಆದರೆ ಹಿಡಿದಿಡುವುದು ಕಡಿಮೆ. ಒಂದು ಮೀಟರು ಆಳದ ಎರೆ ಬೆಳೆಗೆ ದೊರೆಯುವಂಥ 150-200 ಮಿ.ಮೀ. ನೀರನ್ನು ಕೂಡಿಟ್ಟರೆ ಅಷ್ಟೇ ಆಳದ ಮಸಾರಿ ಸುಮಾರು ಅದರ ಅರ್ಧ ಮಾತ್ರ ಹಿಡಿಯುತ್ತದೆ. ಬಹಳ ಕಡೆ ಮೀಟರು ಆಳದ ಮಣ್ಣೇ ಇರುವುದಿಲ್ಲ. ಜೋರು ಮಳೆ ಹೊಡೆದು ಬಿಸಿಲು ಬಿದ್ದರೆ ಮೇಲೆ ಗಟ್ಟಿ ಪದರ ಕಟ್ಟಿ ಮುಂದಿನ ಮಳೆಯ ನೀರು ಜಾರಿ ಹೋಗುತ್ತದೆ.

ಇಂಥ ಮಣ್ಣಿನಲ್ಲಿ ಸಮಪಾತಳಿ ಒಡ್ಡು ಚೆನ್ನಾಗಿ ನಡೆಯುತ್ತದೆ. ಒಡ್ಡಿನ ಹಿಂದಿನ ನೀರು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಂಗಿ ಹೋಗುತ್ತದೆ. ಆದರೂ ಒಡ್ಡಿನ ಒಂದು ತುದಿಯಲ್ಲಿ ಕಲ್ಲು ಕಟ್ಟಿದ ಕೋಡಿ ಇರಲೇಬೇಕು. ಒಡ್ಡಿನ ಮೇಲೆ ಹುಲ್ಲು ಹಿಡಿಸಿದರೆ ಮಣ್ಣು ನಿಲ್ಲುತ್ತದೆ, ಮೇವೂ ಸಿಗುತ್ತದೆ.

ಶೇಂಗಾ, ಮೆಕ್ಕೆಜೋಳ, ನವಣೆ, ಸಜ್ಜೆ ಬೆಳೆಯುವ ಮಸಾರಿಯಲ್ಲಿ ಮಾಡಬೇಕಾದ ಇತರ ಕೆಲಸಗಳು ಇವು. ಬೆಳೆ ಕಿತ್ತ ಮೇಲೆ ಮಾಗಿ ಉಳುಮೆ ಮಾಡಬೇಕು. ಇಳಿಜಾರಿಗೆ ಅಡ್ಡಲಾಗಿಯೇ ಉಳಬೇಕು, ಅಡ್ಡಲಾಗಿಯೇ ಕೂರಿಗೆ ಹೊಡೆಯಬೇಕು. ಬೆಳೆಯ ನಡುವೆ ಪ್ರತಿ 3 ರಿಂದ 3.5 ಮೀಟರಿಗೊಂದು ಆಳವಾದ ಸಾಲು ತೆರೆದರೆ ಹರಿಯುವ ನೀರು ಅಲ್ಲಿ ತಂಗುತ್ತದೆ. ಮಳೆ ಬಿಟ್ಟು ಹದವಾದ ಕೂಡಲೇ ಎಡೆ ಹೊಡೆದು ಗಟ್ಟಿ ಪದರ ಒಡೆಯಬೇಕು. ಕೆರೆಯ ಹೂಳು ಸಿಗುವ ಊರುಗಳಲ್ಲಿ ಬೇಸಿಗೆಯಲ್ಲಿ ಅದನ್ನು ಮಸಾರಿಗೆ ಹೊಡೆಯುವ ಹಿರಿಯರ ಪದ್ಧತಿ ಇಂದಿಗೂ ಉತ್ತಮವಾದದ್ದು. ಹೂಳಿನಲ್ಲಿರುವ ಜೇಡಿ ಮಸಾರಿಯ ನೀರು ಹಿಡಿಯುವ ಶಕ್ತಿಯನ್ನು ಹೆಚ್ಚಿಸುತ್ತದೆ.

ತನ್ನ ಹೊಲದ ಗುಣ ತಿಳಿಯುವ ಬಗೆ

ಬಣ್ಣ ನೋಡಿ ಮಾತ್ರ ತೀರ್ಮಾನಿಸಬಾರದು. ಹೊಲದ ಮೂರು ನಾಲ್ಕು ಕಡೆ ಒಂದು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ನೀರು ತುಂಬಿ ಇಂಗಲು ಬಿಡಬೇಕು. ಮಣ್ಣು ಚೆನ್ನಾಗಿ ನೆನೆಯಲೆಂದು ಎರಡು ಮೂರು ಸಲ ಹೀಗೆ ಮಾಡಿ, ಮರುದಿನ ಬೆಳಿಗ್ಗೆ ಮತ್ತೆ ತುಂಬಿ ಒಂದು ಕಡ್ಡಿಯಿಂದ ನೀರಿನ ಮಟ್ಟ ಅಳೆಯಬೇಕು. ಮಧ್ಯಾಹ್ನದೊಳಗೆ ಗುಂಡಿ ಬರಿದಾದರೆ ಅಲ್ಲಿ ನೀರು ನಿಲ್ಲಿಸುವ ಒಡ್ಡು ನಡೆಯುತ್ತದೆ. ಸಂಜೆಯಾದರೂ ನೀರು ಹೆಚ್ಚು ಇಳಿಯದಿದ್ದರೆ ಅಲ್ಲಿ ನೀರು ಸಾಗಿಸುವ ಒಡ್ಡೇ ಬೇಕು. ಇದು ಸ್ಥೂಲವಾದ ಪರೀಕ್ಷೆ. ಆದರೆ ಒಡ್ಡಿನ ಬಗೆಯನ್ನು ಆರಿಸಲು ಸಾಕು.

ಈ ಐದು ತಾಲ್ಲೂಕುಗಳಲ್ಲಿ ಒಂದೇ ಹಿಡುವಳಿಯಲ್ಲಿ ಮೇಲೆ ಮಸಾರಿ, ಕೆಳಗೆ ಹಳ್ಳದ ಕಡೆ ಎರೆ ಇರುವುದು ಅಪರೂಪವಲ್ಲ. ಅಂಥವರು ಮೇಲಿನ ಮಸಾರಿಯಲ್ಲಿ ಸಮಪಾತಳಿ ಒಡ್ಡಿನಿಂದ ನೀರು ತಡೆದು, ಕೆಳಗಿನ ಎರೆಯಲ್ಲಿ ಇಳಿಜಾರು ಒಡ್ಡಿನಿಂದ ಹೆಚ್ಚಿನ ನೀರನ್ನು ಸಾಗಿಸಿ, ಅದನ್ನು ಹಳ್ಳಕ್ಕೆ ಬಿಡುವ ಮೊದಲು ಒಂದು ಹೊಂಡದಲ್ಲಿ ಹಿಡಿಯಬೇಕು.

ಹೊಂಡದ ಲೆಕ್ಕ

ಇಳಿಜಾರು ಒಡ್ಡಿನಿಂದ ಹೊರಗೆ ಹೋಗುವ ನೀರನ್ನು ಹಾಗೆಯೇ ಬಿಟ್ಟರೆ ಅರ್ಧ ಕೆಲಸವಾದಂತೆ. ಬಳ್ಳಾರಿ ಕೇಂದ್ರದಲ್ಲಿ ಅದನ್ನು ತೋಡಿದ ಹೊಂಡಗಳಲ್ಲಿ ಕೂಡಿಟ್ಟು ಹಿಂಗಾರಿ ಬೆಳೆಗೆ ಆಸರೆ ನೀರು ಕೊಡುವ ಪ್ರಯೋಗಗಳು ನಡೆದವು. 2014-15ರಲ್ಲಿ ಕರ್ನಾಟಕ ಸರ್ಕಾರ ಕೃಷಿ ಭಾಗ್ಯ ಯೋಜನೆ ಆರಂಭಿಸಿದ ಮೇಲೆ ಕೃಷಿ ಹೊಂಡ ಮನೆಮಾತಾಯಿತು. ಹೊಂಡ ತೋಡುವ ಮೊದಲು ಲೆಕ್ಕ ಹಾಕುವುದು ಒಳ್ಳೆಯದು.

ನಾಲ್ಕು ಎಕರೆ ಹೊಲದ ಮೇಲೆ ಒಂದು ಸಲಕ್ಕೆ 40 ಮಿ.ಮೀ. ಮಳೆ ಬಿದ್ದು, ಅದರಲ್ಲಿ ಕಾಲು ಭಾಗ ಹರಿದು ಬಂದರೆ 1,60,000 ಲೀಟರು ನೀರಾಗುತ್ತದೆ. ಮೇಲ್ಭಾಗ 10 x 10 ಮೀಟರು, ಆಳ 3 ಮೀಟರು, ಪಕ್ಕದ ಇಳಿಜಾರು 1:1 ಇರುವ ಹೊಂಡ ಸುಮಾರು 1,56,000 ಲೀಟರು ಹಿಡಿಯುತ್ತದೆ. ಅಂದರೆ ಒಂದೇ ಒಳ್ಳೆಯ ಮಳೆಗೆ ಅದು ತುಂಬುತ್ತದೆ. ಒಂದು ಎಕರೆಗೆ 5 ಸೆಂ.ಮೀ. ನೀರು ಕೊಡಲು ಸುಮಾರು 2 ಲಕ್ಷ ಲೀಟರು ಬೇಕು. ತುಂಬಿದ ಹೊಂಡ ಮುಕ್ಕಾಲು ಎಕರೆಗೆ ಒಂದು ಸಲ ಸಾಕಾಗುತ್ತದೆ. ತುಂತುರು ನೀರಾವರಿಯಿಂದ 2.5 ಸೆಂ.ಮೀ. ಮಾತ್ರ ಕೊಟ್ಟರೆ ಒಂದೂವರೆ ಎಕರೆಗೆ ಸಾಕು. 21 x 21 x 3 ಮೀಟರಿನ ಹೊಂಡ ಅದೇ ಇಳಿಜಾರಿನಲ್ಲಿ ಸುಮಾರು 9,80,000 ಲೀಟರು ಹಿಡಿಯುತ್ತದೆ. ಆದರೆ ಅದನ್ನು ತುಂಬುವಷ್ಟು ಹೊಲ ಮೇಲ್ಬದಿಯಲ್ಲಿ ಇಲ್ಲದಿದ್ದರೆ ಅಷ್ಟು ದೊಡ್ಡ ಹೊಂಡ ಬರಿದಾಗಿಯೇ ಉಳಿಯುತ್ತದೆ.

ಹೊಂಡದ ನೀರು ಎರಡು ದಾರಿಯಲ್ಲಿ ಹೋಗುತ್ತದೆ. ದಿನಕ್ಕೆ 5 ಮಿ.ಮೀ. ಆವಿಯಾಗುತ್ತದೆಂದು ಹಿಡಿದರೆ, 10 x 10 ಮೀಟರಿನ ಹೊಂಡದಿಂದ ತಿಂಗಳಿಗೆ ಸುಮಾರು 15,000 ಲೀಟರು, ಅಂದರೆ ಹತ್ತರಲ್ಲಿ ಒಂದು ಪಾಲು ಹೋಗುತ್ತದೆ. ಇದನ್ನು ಸಹಿಸಬಹುದು. ಸೋರಿಕೆ ಹಾಗಲ್ಲ. ಎರೆಯಲ್ಲಿ ಸೋರಿಕೆ ಕಡಿಮೆ. ಮಸಾರಿಯಲ್ಲಿ ಒಳಪದರವಿಲ್ಲದ ಹೊಂಡ ಕೆಲವೇ ದಿನಗಳಲ್ಲಿ ಬರಿದಾಗಬಹುದು. ಹೊಂಡದಲ್ಲಿ ಗುರುತು ಹಾಕಿದ ಗೂಟ ನೆಟ್ಟು ದಿನವೂ ನೋಡಬೇಕು. ಮಳೆಯಿಲ್ಲದ ದಿನ 1 ಸೆಂ.ಮೀ.ಗಿಂತ ಹೆಚ್ಚು ಇಳಿಯುತ್ತಿದ್ದರೆ ಅದು ಸೋರಿಕೆ. ಮಸಾರಿ ಹೊಂಡಕ್ಕೆ ಪಾಲಿಥೀನ್ ಹಾಳೆ ಅಥವಾ 6 ಪಾಲು ಮಣ್ಣಿಗೆ 1 ಪಾಲು ಸಿಮೆಂಟು ಬೆರೆಸಿದ ಗಾರೆಯ ಒಳಪದರ ಕೊಡಬೇಕು. ಎರೆ ಹೊಂಡದ ಪಕ್ಕಗಳು ಕುಸಿಯುವುದರಿಂದ ಇಳಿಜಾರನ್ನು 1.5:1ಕ್ಕೆ ಹೆಚ್ಚಿಸಬೇಕು. ಆಗ ನೀರಿನ ಅಳತೆ ಕಡಿಮೆಯಾಗುತ್ತದೆ.

ನೀರು ಒಳಗೆ ಬರುವ ಬಾಯಿಗೆ ಮುಂಚೆ ಹೂಳು ತಂಗುವ ಚಿಕ್ಕ ಗುಂಡಿ ಇರಬೇಕು. ಹೊಂಡದ ಸುತ್ತ ಬೇಲಿ ಹಾಕುವುದನ್ನು ಯಾರೂ ಮುಂದೂಡಬಾರದು. ಪಾಲಿಥೀನ್ ಹಾಳೆಯ ಮೇಲೆ ಕಾಲು ಜಾರಿದ ಮಗು ಅಥವಾ ಕುರಿ ಮೇಲೆ ಹತ್ತಲಾರದು. ಗಂಟು ಹಾಕಿದ ಒಂದು ಹಗ್ಗವನ್ನು ದಡದ ಗೂಟಕ್ಕೆ ಕಟ್ಟಿ ಸದಾ ನೀರಿನೊಳಕ್ಕೆ ಇಳಿಬಿಟ್ಟಿರಬೇಕು.

ಆಸರೆ ನೀರನ್ನು ಯಾವಾಗ ಕೊಡಬೇಕೆಂಬುದೂ ಮುಖ್ಯ. ಹೊಂಡದ ನೀರು ಬೆಳೆಯನ್ನು ಪೂರ್ತಿ ಸಾಕುವುದಕ್ಕಲ್ಲ, ಒಂದು ಗಂಡಾಂತರ ದಾಟಿಸುವುದಕ್ಕೆ. ಮೆಕ್ಕೆಜೋಳ ಸೂಲಂಗಿ ಬಿಟ್ಟು ರೇಷ್ಮೆಯೆಳೆ ಹಾಕುವಾಗ, ಶೇಂಗಾ ಊಡು ಇಳಿದು ಕಾಯಿ ಕಟ್ಟುವಾಗ, ಹಿಂಗಾರಿ ಜೋಳ ಹೊಡೆಯಾಗುವಾಗ ಮಳೆ ತಡೆದರೆ ಆಗ ಕೊಟ್ಟ ಒಂದು ನೀರಿಗೆ ಹೆಚ್ಚಿನ ಬೆಲೆಯಿದೆ.

ನೆನಪಿಡಬೇಕಾದ ಅಂಶಗಳು

1. ಒಡ್ಡಿಗಿಂತ ಮೊದಲು ಮಣ್ಣನ್ನು ಪರೀಕ್ಷಿಸಬೇಕು. ಮಸಾರಿಗೆ ನೀರು ನಿಲ್ಲಿಸುವ ಒಡ್ಡು, ಆಳವಾದ ಎರೆಗೆ ನೀರು ಸಾಗಿಸುವ ಒಡ್ಡು.
2. ಮಟ್ಟದ ಗೆರೆಯನ್ನು ಅಳೆದೇ ಗುರುತಿಸಬೇಕು.
3. ನೀರಿನ ದಾರಿಯನ್ನು ನೆರೆಹೊರೆಯವರೊಡನೆ ಗೊತ್ತುಮಾಡಿಕೊಂಡು, ಹುಲ್ಲು ಹಿಡಿಸಿದ ಮೇಲೆ ಒಡ್ಡು ಹಾಕಬೇಕು.
4. ಒಡ್ಡುಗಳ ನಡುವೆ ಅಡ್ಡ ಉಳುಮೆ, ಚೌಕು ಮಡಿ, ತೆರೆದ ಸಾಲುಗಳಿಂದ ಮಳೆಯನ್ನು ಬಿದ್ದಲ್ಲೇ ಹಿಡಿಯಬೇಕು.
5. ಹೊಂಡದ ಗಾತ್ರವನ್ನು ಹರಿದು ಬರುವ ನೀರಿನ ಲೆಕ್ಕದ ಮೇಲೆ ನಿರ್ಧರಿಸಬೇಕು. ಮಸಾರಿಯಲ್ಲಿ ಒಳಪದರ, ಎಲ್ಲೆಡೆ ಬೇಲಿ ಕಡ್ಡಾಯ.
6. ಪ್ರತಿ ಬೇಸಿಗೆಯಲ್ಲಿ ಒಡ್ಡಿನ ಸೀಳು ಮುಚ್ಚಿ, ಕೋಡಿ ಸರಿಪಡಿಸಿ, ಹೊಂಡದ ಹೂಳು ತೆಗೆಯಬೇಕು.

ಸಮಪಾತಳಿ ಒಡ್ಡು ಎರೆಯಲ್ಲಿ ನಡೆಯುವುದಿಲ್ಲವೆಂದು ಕಂಡಾಗ ಸಂಶೋಧಕರು ಒಡ್ಡಿನ ಬಗೆಯನ್ನು ಬದಲಾಯಿಸಿದರೇ ಹೊರತು ಒಡ್ಡು ಹಾಕುವುದನ್ನು ಕೈಬಿಡಲಿಲ್ಲ. ಹಿಂದೆ ಹಾಕಿಸಿದ ಒಡ್ಡು ಒಡೆಯಿತೆಂದು ಬೇಸತ್ತ ರೈತರೂ ಅದನ್ನು ಪೂರ್ತಿ ಹರಗಿಬಿಡುವ ಮೊದಲು, ಅದು ತಮ್ಮ ಮಣ್ಣಿಗೆ ತಕ್ಕ ಒಡ್ಡಾಗಿತ್ತೇ ಎಂದು ಒಮ್ಮೆ ಗುಂಡಿ ತೋಡಿ ನೋಡುವುದು ಲೇಸು.